ಬರ್ಲಿನ್ನಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ

ಇಂಗ್ಲೆಂಡಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುವುದು ನನ್ನ ವೃತ್ತಿ. ಅಲ್ಲಿಯ ಹದಿನೈದು-ಹದಿನಾರರ ವಿದ್ಯಾರ್ಥಿಗಳಲ್ಲಿ ಅನೇಕರು ಓದುವ ವಿಷಯಗಳಲ್ಲಿ ಇಪ್ಪತ್ತನೆಯ ಶತಮಾನದ ಜರ್ಮನಿಯೂ ಒಂದು. ಆ ಕಾರಣದಿಂದ ಬರ್ಲಿನ್ ನಗರಕ್ಕೆ ಶಾಲಾ ಪ್ರವಾಸ ಹೊರಡುವುದು ಅಲ್ಲಿ ರೂಢಿಯಾಗಿ ಬಂದಿದೆ. ಇಂಥ ಪ್ರವಾಸವನ್ನು ಯೋಜಿಸುವವರು ಏನೇನನ್ನು ವಿಚಾರ ಮಾಡಬೇಕಾಗುತ್ತದೆ ಎಂಬುದನ್ನು ನಿಮ್ಮ ಮುಂದೆ ಇಡಬಯಸುತ್ತೇನೆ. ನಮ್ಮ ಊರುಗಳಲ್ಲಿ ಶಾಲಾ ಪ್ರವಾಸವೆಂದರೆ ಬೇಲೂರು-ಹಳೇಬೀಡಿನ ಬಸ್ಸು, ಬುತ್ತಿಯ ಚಿತ್ರಾನ್ನ, ದಾರಿಯುದ್ದದ ಅಂತ್ಯಾಕ್ಷರಿ. ಆ ಸಂತೋಷ ಬರ್ಲಿನ್ನಿನಲ್ಲಿಯೂ ಇಲ್ಲದಿಲ್ಲ. ಆದರೆ ಅಲ್ಲಿ ಮಕ್ಕಳಿಗೆ ತೋರಿಸಬೇಕಾದುದು ಬಹುಮಟ್ಟಿಗೆ ಮನುಷ್ಯರು ಮನುಷ್ಯರಿಗೆ ಎಸಗಿದ ಘೋರವನ್ನು. ಯೋಜನೆಯ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಜರ್ಮನಿಯ ಅಧ್ಯಾಪಕರು ಈ ಕಷ್ಟವನ್ನು ನಮಗಿಂತ ಮೊದಲೇ ಎದುರಿಸಿದವರು. 1976ರಲ್ಲಿ ವ್ಯೂರ್ಟೆಂಬರ್ಗ್ ಸೀಮೆಯ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ರಾಜಕೀಯ ಶಿಕ್ಷಣವನ್ನು ಕುರಿತು ಗೋಷ್ಠಿಯೊಂದು ಸೇರಿತು. ಬೇರೆ ಬೇರೆ ಪಂಥದವರ ವಾದವಿವಾದಗಳಿಂದ ಅಲ್ಲಿ ಮೂರು ತತ್ತ್ವಗಳು ಮೂಡಿಬಂದವು. ವಿದ್ಯಾರ್ಥಿಯನ್ನು ಯಾವ ಉಪಾಯದಿಂದಲೂ ಮುಳುಗಿಸಿ ಅವನ ಸ್ವಂತ ವಿಚಾರಶಕ್ತಿಯನ್ನು ಕಸಿದುಕೊಳ್ಳಕೂಡದು ಎಂಬುದು ಮೊದಲನೆಯದು. ವಿದ್ವಾಂಸರಲ್ಲಿಯೂ ರಾಜಕಾರಣದಲ್ಲಿಯೂ ವಿವಾದವಾಗಿರುವುದು ತರಗತಿಯಲ್ಲಿಯೂ ವಿವಾದವಾಗಿಯೇ ಕಾಣಬೇಕೆಂಬುದು ಎರಡನೆಯದು. ತನ್ನ ಸ್ಥಿತಿಗತಿ ಹಿತಾಹಿತಗಳನ್ನು ವಿದ್ಯಾರ್ಥಿ ತಾನೇ ವಿವೇಚಿಸಬಲ್ಲವನಾಗಬೇಕೆಂಬುದು ಮೂರನೆಯದು. ನನ್ನ ಮಟ್ಟಿಗೆ ಪ್ರವಾಸದ ಯೋಜನೆ ಆರಂಭವಾಗುವುದು ಇವುಗಳಿಂದ, ವಿಮಾನದ ಟಿಕೆಟ್ಟಿನಿಂದಲ್ಲ. ಮಗು ಕಣ್ಣೀರಿಡದಿದ್ದರೆ ಪ್ರವಾಸವೇ ವ್ಯರ್ಥವೆಂದು ಭಾವಿಸುವ ಅಧ್ಯಾಪಕರಿದ್ದಾರೆ. ಅವರೊಡನೆ ನನಗೆ ಸಮ್ಮತಿಯಿಲ್ಲ.

ಜಾಕ್ಸೆನ್‌ಹೌಸೆನ್ ಯಾತನಾಶಿಬಿರದ ಉದಾಹರಣೆ ನೋಡಿ. ಇದು ಬರ್ಲಿನ್ನಿನ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದ ಒರಾನಿಯೆನ್‌ಬುರ್ಗ್ ಊರಿನಲ್ಲಿದೆ. 1936ರಿಂದ 1945ರ ವರೆಗೆ ಎರಡು ಲಕ್ಷಕ್ಕೂ ಮಿಕ್ಕ ಜನ ಇಲ್ಲಿ ಸೆರೆಯಲ್ಲಿದ್ದರು. 1941ರ ಶರತ್ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳನ್ನು ಇಲ್ಲಿ ಗುಂಡಿಟ್ಟು ಕೊಂದರು. ಪ್ರವಾಸಿ ಬಸ್ಸುಗಳು ಮಕ್ಕಳನ್ನು ನೇರವಾಗಿ ಶಿಬಿರದ ಹೆಬ್ಬಾಗಿಲಿನ ಬಳಿ ಇಳಿಸುತ್ತವೆ. ನಾನು ನಗರದ ರೈಲಿನಲ್ಲಿ ಕರೆದೊಯ್ಯುತ್ತೇನೆ. ನಿಲ್ದಾಣದಿಂದ ಶಿಬಿರಕ್ಕೆ ಸುಮಾರು ಎರಡು ಕಿಲೋಮೀಟರ್ ನಡಿಗೆ. ದಾರಿಯ ಇಕ್ಕೆಲಗಳಲ್ಲಿ ಹೂದೋಟದ ಮನೆಗಳು, ಕಿಟಕಿಯ ಪರದೆಗಳು, ಬೈಸಿಕಲ್ಲುಗಳು. ಕೈದಿಗಳನ್ನೂ ಇದೇ ಊರಿನೊಳಗಿಂದ ನಡೆಸಿಕೊಂಡು ಹೋಗುತ್ತಿದ್ದರು. ಈ ಮಾತನ್ನು ಮಾತ್ರ ಹೇಳಿ ನಾನು ಸುಮ್ಮನಾಗುತ್ತೇನೆ. ಊರವರಿಗೆ ಗೊತ್ತಿತ್ತೆ, ಗೊತ್ತಿದ್ದರೆ ಏನು ಮಾಡಬಹುದಿತ್ತು ಎಂಬ ಪ್ರಶ್ನೆಗಳನ್ನು ಮಕ್ಕಳೇ ಕೇಳಿಕೊಳ್ಳುತ್ತಾರೆ. ಎಲ್ಲ ಯಾತನಾಶಿಬಿರಗಳ ಆಡಳಿತ ಕಚೇರಿಯೂ 1938ರಲ್ಲಿ ಈ ಊರಿಗೇ ಬಂತು. ಕಡತ, ಮುದ್ರೆ, ಗುಮಾಸ್ತರು, ಊಟದ ಬಿಡುವು, ಎಲ್ಲವೂ ಇದ್ದ ಕಚೇರಿ! ಎಷ್ಟೋ ವರ್ಷಗಳ ಮೇಲೆ ಅದೇ ಕಟ್ಟಡಕ್ಕೆ ತೆರಿಗೆ ಇಲಾಖೆ ಬಂತು. ಚಿತಾಗಾರದ ಅವಶೇಷಕ್ಕಿಂತಲೂ ಈ ಕಚೇರಿಯ ಸಂಗತಿ ಕೆಲವರನ್ನು ಹೆಚ್ಚು ಕಾಡುವುದನ್ನು ನಾನು ಕಂಡಿದ್ದೇನೆ.

ಕಥೆ 1945ಕ್ಕೆ ಮುಗಿಯುವುದಿಲ್ಲ. ಆ ವರ್ಷದಿಂದ 1950ರ ವರೆಗೆ ಸೋವಿಯತ್ ಅಧಿಕಾರಿಗಳು ಅದೇ ಜಾಗದಲ್ಲಿ ತಮ್ಮ ಸೆರೆಶಿಬಿರವನ್ನು ನಡೆಸಿದರು. ಅಲ್ಲಿದ್ದ ಸುಮಾರು 60,000 ಮಂದಿಯಲ್ಲಿ 12,000 ಜನ ಹಸಿವೆಯಿಂದಲೂ ರೋಗದಿಂದಲೂ ಸತ್ತರು. ನಾಜಿ ಪಕ್ಷದ ಕೆಳಹಂತದ ಅಧಿಕಾರಿಗಳೂ ಅವರಲ್ಲಿದ್ದರು, ಯಾವ ತಪ್ಪನ್ನೂ ಮಾಡದವರೂ ಇದ್ದರು. ಒಂದು ನೆಲದಲ್ಲಿ ಈ ಎರಡು ಬಗೆಯ ಸಾವುಗಳನ್ನು ಹೇಗೆ ಸ್ಮರಿಸಬೇಕೆಂಬುದು ಜರ್ಮನಿಯಲ್ಲಿ ಬಿರುಸಾದ ಚರ್ಚೆಯ ವಿಷಯ. ಬಾಯ್ಟೆಲ್ಸ್‌ಬಾಖಿನ ಎರಡನೆಯ ತತ್ತ್ವ ನೆನಪಿಗೆ ಬರಬೇಕಾದುದು ಇಲ್ಲಿ. ಸಮಯ ಸಾಲದೆಂದು ಆ ಭಾಗದ ವಸ್ತುಸಂಗ್ರಹಾಲಯವನ್ನು ಬಿಟ್ಟುಬಿಡುವವರುಂಟು. ನಾನು ಬಿಡುವುದಿಲ್ಲ.

ಈ ಭೇಟಿಯನ್ನು ಮೊದಲ ದಿನವೂ ಇಡಬಾರದು, ಕೊನೆಯ ದಿನವೂ ಇಡಬಾರದು. ಅದೇ ದಿನ ಇನ್ನೊಂದು ಭಾರವಾದ ಸ್ಥಳ ಬೇಡ. ಸಂಜೆ ಮಕ್ಕಳನ್ನು ಸಾಲಾಗಿ ಕೂರಿಸಿ ‘ನಿನಗೇನನ್ನಿಸಿತು?’ ಎಂದು ಕೇಳುವುದಂತೂ ಬೇಡವೇ ಬೇಡ. ಮರಳುವ ರೈಲಿನ ಮೌನ ಸಾಕು. ಗದ್ದಲವಾದರೆ ಅದೂ ಸರಿಯೆ.

ಗದ್ದಲದ ಮಾತು ಬಂದುದರಿಂದ ಹೇಳುತ್ತೇನೆ. ನಗರದ ನಡುವೆ ಯೂರೋಪಿನ ಹತರಾದ ಯೆಹೂದ್ಯರ ಸ್ಮಾರಕವಿದೆ. 2005ರಲ್ಲಿ ತೆರೆದ ಇದರಲ್ಲಿ 2,711 ಕಾಂಕ್ರೀಟ್ ಚಪ್ಪಡಿಗಳು ಅಲೆಯಲೆಯಾಗಿ ನಿಂತಿವೆ. ಮಕ್ಕಳು ಅವುಗಳ ನಡುವೆ ಹೊಕ್ಕೊಡನೆ ಕಣ್ಣುಮುಚ್ಚಾಲೆ ಆರಂಭಿಸುತ್ತಾರೆ. ಇದನ್ನು ತಡೆಯಬೇಕೆ? ಸ್ಮಾರಕವನ್ನು ರೂಪಿಸಿದ ಪೀಟರ್ ಐಸೆನ್‌ಮನ್ ಅವರೇ ಅಲ್ಲಿ ಮಕ್ಕಳು ಆಡುವುದನ್ನು ಆಕ್ಷೇಪಿಸಿದವರಲ್ಲ. 2017ರಲ್ಲಿ ಶಾಹಕ್ ಶಪೀರಾ ಎಂಬ ಕಲಾವಿದರು, ಅಲ್ಲಿ ನಗುತ್ತ ಕುಣಿಯುತ್ತ ತೆಗೆಸಿಕೊಂಡ ಚಿತ್ರಗಳನ್ನು ಶಿಬಿರಗಳ ಹಳೆಯ ಛಾಯಾಚಿತ್ರಗಳೊಡನೆ ಕೂಡಿಸಿ ಪ್ರಕಟಿಸಿ ನೋಡಿದವರನ್ನು ನಾಚಿಸಿದರು. ಹೊರಡುವ ಮುನ್ನ ತರಗತಿಯಲ್ಲಿ ಈ ಎರಡು ನಿಲುವುಗಳನ್ನೂ ಮಕ್ಕಳ ಮುಂದಿಟ್ಟರೆ, ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ನಿಯಮವನ್ನು ಅವರೇ ಮಾಡಿಕೊಳ್ಳುತ್ತಾರೆ. ನಾನು ಮಾಡುವುದಕ್ಕಿಂತ ಅದು ಕಟ್ಟುನಿಟ್ಟಾಗಿರುತ್ತದೆ ಎಂಬುದು ತಮಾಷೆ.

ಇನ್ನು ಹಣ ಮತ್ತು ಕಾಗದಪತ್ರ. ಶಾಲಾವಧಿಯಲ್ಲಿ ಕೊಡುವ ಶಿಕ್ಷಣಕ್ಕೆ ಸರ್ಕಾರಿ ಶಾಲೆಗಳು ಶುಲ್ಕ ವಿಧಿಸಬಾರದೆಂದು ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆ ಹೇಳುತ್ತದೆ. ರಜೆಯ ಐಚ್ಛಿಕ ಪ್ರವಾಸಕ್ಕೆ ಆ ತಡೆಯಿಲ್ಲ. ಆದುದರಿಂದ ಪ್ರವಾಸ ರಜೆಗೆ ಜಾರುತ್ತದೆ, ಬಡವರ ಮಗು ಪಟ್ಟಿಯಿಂದ ಜಾರುತ್ತದೆ. ಸಹಾಯನಿಧಿಯನ್ನು ಮೊದಲು ಕೂಡಿಸಿ, ಆಮೇಲೆ ಪ್ರವಾಸವನ್ನು ಪ್ರಕಟಿಸುವುದು ಮೇಲು. ಪಾಸ್‌ಪೋರ್ಟಿನದೂ ಇದೇ ಬಗೆಯ ತೊಡಕು. ಹಿಂದೆ ತರಗತಿಯವರ ಹೆಸರನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸಿ, ವೀಸಾ ಬೇಕಾಗುವ ಮಕ್ಕಳನ್ನೂ ಕರೆದೊಯ್ಯುವ ಅನುಕೂಲವಿತ್ತು. ಬ್ರಿಟನ್ ಯೂರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ ಅದು ತಪ್ಪಿತು. ಶಾಲಾ ತಂಡಗಳ ಹಾದಿಯನ್ನು ಸುಗಮಗೊಳಿಸಲು 2025ರ ಜುಲೈಯಲ್ಲಿ ಬ್ರಿಟನ್ನೂ ಜರ್ಮನಿಯೂ ಒಪ್ಪಿಕೊಂಡವು. ನಿಯಮ ಏನೇ ಇರಲಿ, ಯಾವ ದೇಶದ ಪಾಸ್‌ಪೋರ್ಟ್ ಎಂದು ಮಗುವನ್ನು ತರಗತಿಯೆದುರು ಎಬ್ಬಿಸಿ ಕೇಳಬಾರದು. ಭಾರತದ ಪಾಸ್‌ಪೋರ್ಟ್ ಹಿಡಿದವರೂ ನಮ್ಮ ಶಾಲೆಯಲ್ಲಿದ್ದಾರೆ. ಮನೆಗೆ ಚೀಟಿ ಕಳುಹಿಸಿ ಆರು ತಿಂಗಳು ಮೊದಲೇ ತಿಳಿದುಕೊಳ್ಳುವುದು ವಾಸಿ.

ಸಂಸತ್ ಭವನದ ಗಾಜಿನ ಗುಮ್ಮಟಕ್ಕೆ ಪ್ರವೇಶ ಉಚಿತ, ಆದರೆ ಹೆಸರು ಜನ್ಮದಿನಗಳನ್ನು ಮುಂಚಿತವಾಗಿ ಕೊಟ್ಟಿರಬೇಕು. ಪೆರ್ಗಮಾನ್ ವಸ್ತುಸಂಗ್ರಹಾಲಯವನ್ನು 2023ರ ಅಕ್ಟೋಬರಿನಲ್ಲಿ ದೀರ್ಘಕಾಲದ ದುರಸ್ತಿಗಾಗಿ ಮುಚ್ಚಿದರು. ಹಳೆಯ ಕೈಪಿಡಿಗಳನ್ನು ನಂಬಬೇಡಿ.

ಕೊನೆಯ ದಿನಕ್ಕೆ ನಾನು ಉಳಿಸಿಕೊಳ್ಳುವುದು ಬೆರ್ನೌವರ್ ಬೀದಿಯನ್ನು. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದಾಗ ಈ ಬೀದಿಯ ಒಂದು ಮಗ್ಗುಲಿನ ಮನೆಗಳು ಪೂರ್ವ ಬರ್ಲಿನ್ನಿಗೂ ಅವುಗಳ ಮುಂದಿನ ಕಾಲುದಾರಿ ಪಶ್ಚಿಮಕ್ಕೂ ಸೇರಿದ್ದವು. ಜನ ಕಿಟಕಿಗಳಿಂದ ಇನ್ನೊಂದು ರಾಜ್ಯಕ್ಕೆ ಧುಮುಕಿದರು, ಕೆಲವರು ಸತ್ತರು. ಗೋಡೆಯ ನಡುವಿನ ನಿಷಿದ್ಧ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದ ಚರ್ಚೊಂದನ್ನು 1985ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಅದರ ಚೂರುಗಳನ್ನೇ ಮಣ್ಣಿನಲ್ಲಿ ಸೇರಿಸಿ ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರ 2000ದಿಂದ ಅಲ್ಲಿ ನಿಂತಿದೆ. ಮಂಗಳವಾರದಿಂದ ಶುಕ್ರವಾರದ ವರೆಗೆ ಮಧ್ಯಾಹ್ನ ಹನ್ನೆರಡಕ್ಕೆ ಗೋಡೆಯಲ್ಲಿ ಮಡಿದ ಒಬ್ಬರ ಜೀವನವೃತ್ತಾಂತವನ್ನು ಅಲ್ಲಿ ಓದುತ್ತಾರೆ. ಪ್ರವಾಸದ ದಿನಗಳನ್ನು ಇದಕ್ಕೆ ಹೊಂದಿಸಿಕೊಳ್ಳಬೇಕು. ಓದುವುದು ಜರ್ಮನ್ ಭಾಷೆಯಲ್ಲಿ. ಮಕ್ಕಳಿಗೆ ತಿಳಿಯುವುದು ಒಂದು ಹೆಸರು, ಒಂದು ವಯಸ್ಸು. ಆಮೇಲಿನ ಮಧ್ಯಾಹ್ನವೆಲ್ಲ ಅವರಿಗೇ ಬಿಟ್ಟದ್ದು. ನಾಲ್ಕು ನಾಲ್ಕು ಮಂದಿಯ ಗುಂಪಾಗಿ ತಿರುಗಾಡಿ, ಸಂಜೆ ಆರಕ್ಕೆ ಅಲೆಕ್ಸಾಂಡರ್ ಚೌಕದ ವಿಶ್ವಗಡಿಯಾರದ ಕೆಳಗೆ ಸೇರತಕ್ಕದ್ದು.