ಬೂದಿಬಣ್ಣದ ಆಕಾಶದಲ್ಲಿ ಎಣಿಕೆ

ನ್ಯೂ ಮೆಕ್ಸಿಕೋದ ಬಯಲಿನಲ್ಲಿ ಹಳಿಗಳ ಗುಂಟ ಸಾಲಾಗಿ ನಿಂತ 27 ರೇಡಿಯೊ ಡಿಶ್‌ಗಳು 1993ರಿಂದ ಸುಮಾರು ಮೂರು ವರ್ಷ ಆಕಾಶದ ಶೇ. 82 ಭಾಗವನ್ನು ತುಂಡುತುಂಡಾಗಿ ಆಲಿಸಿದವು. ಎನ್‌ವಿಎಸ್‌ಎಸ್ ಎಂಬ ಆ ಸಮೀಕ್ಷೆಯ ಪಟಗಳನ್ನು ನಾನು ಬಣ್ಣ ತುಂಬದೆ, ಬಿಳಿಯ ಮೇಲೆ ಕಪ್ಪಾಗಿಸಿ ನೋಡುತ್ತೇನೆ. ಮಸಿ, ಸೀಸ, ಬೂದಿ, ಹೊಗೆ. ಇರುವ ಛಾಯೆಗಳು ಇಷ್ಟೇ. ಹೆಚ್ಚಿನವು ಬರೀ ಚುಕ್ಕೆಗಳು. ಅಲ್ಲಲ್ಲಿ ಒಂದಕ್ಕೊಂದು ಎದುರಾದ ಜೋಡಿ ಹಾಲೆಗಳು.

ಪರ್ಸಿಯಸ್ ಗುಚ್ಛದ ಎನ್‌ಜಿಸಿ 1265 ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಗೊದಮೊಟ್ಟೆಯಂಥ ಆಕಾರ. ತಲೆ ಕಡುಕಪ್ಪು, ಬಾಲ ಹಿಂದಕ್ಕೆ ಸಾಗುತ್ತ, ಮೆಲ್ಲಗೆ ಬಾಗುತ್ತ, ಸೀಸದಿಂದ ಬೂದಿಗೆ, ಬೂದಿಯಿಂದ ಹೊಗೆಗೆ ತೆಳುವಾಗುತ್ತದೆ. ಗುಚ್ಛದ ಬಿಸಿ ಅನಿಲವನ್ನು ಸೀಳಿಕೊಂಡು ಧಾವಿಸುತ್ತಿರುವ ಗೆಲಾಕ್ಸಿ ಇದು. ನಡುವಿನ ಕಪ್ಪುಕುಳಿಯಿಂದ ಚಿಮ್ಮಿದ ಎರಡು ಧಾರೆಗಳು ಎದುರುಗಾಳಿಗೆ ಮಣಿದು ಬಾಲವಾಗಿವೆ. ತುದಿಯ ಮಬ್ಬಿನಲ್ಲಿರುವುದು ಬಹಳ ಹಿಂದೆಯೇ ಹೊರಟು ಬಳಲಿದ ಎಲೆಕ್ಟ್ರಾನುಗಳು.

ಆದರೆ ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕಪ್ಪುಶಕ್ತಿಯ ಬಗ್ಗೆ ಇಷ್ಟು ಚೆಲುವಾದ ಬಾಲವೂ ಏನನ್ನೂ ಹೇಳದು. ಅದಕ್ಕೆ ಸಮೀಕ್ಷೆಯ ಸುಮಾರು 18 ಲಕ್ಷ ಮೂಲಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ತಿಳಿಯಬೇಕು. ದಟ್ಟವಿದ್ದೆಡೆ ಗುರುತ್ವದ ಹಳ್ಳವಿರುತ್ತದೆ. ವಿಶ್ವದ ಹಿನ್ನೆಲೆಯ ಮೈಕ್ರೋವೇವ್ ಬೆಳಕು ಅದರೊಳಗೆ ಇಳಿಯುವಾಗ ಶಕ್ತಿ ಗಳಿಸಿ, ಏರುವಾಗ ತೆರುತ್ತದೆ. ದೊಡ್ಡ ಹಳ್ಳ ದಾಟಲು ಹತ್ತಾರು ಕೋಟಿ ವರ್ಷ ಬೇಕು. ಅಷ್ಟರಲ್ಲಿ ಕಪ್ಪುಶಕ್ತಿ ವಿಶ್ವವನ್ನು ಹಿಗ್ಗಿಸಿ ಹಳ್ಳದ ಆಳ ತಗ್ಗಿಸಿದರೆ, ಬೆಳಕು ಗಳಿಸಿದ್ದಕ್ಕಿಂತ ಕಡಿಮೆ ತೆತ್ತು, ಕೂದಲೆಳೆಯಷ್ಟು ಬೆಚ್ಚಗೆ ಹೊರಬರುತ್ತದೆ. ಹಿನ್ನೆಲೆಯ ಸ್ವಂತ ಏರಿಳಿತ ಇದಕ್ಕಿಂತ ಬಹಳ ದೊಡ್ಡದು; ಒಂದೇ ಜಾಗವನ್ನು ಎಷ್ಟು ದಿಟ್ಟಿಸಿದರೂ ಇದು ಕಾಣದು.

ಹಾಗಾಗಿ ವಿಜ್ಞಾನಿಗಳಾದ ಸ್ಟೀಫನ್ ಬೌನ್ ಮತ್ತು ರಾಬರ್ಟ್ ಕ್ರಿಟೆಂಡನ್ ಸಮೀಕ್ಷೆಯ ಎಲ್ಲ ಚುಕ್ಕೆಗಳನ್ನು ಮೊದಲು ಕೋಬ್ ಉಪಗ್ರಹದ ಹಿನ್ನೆಲೆ ಬೆಳಕಿನ ನಕ್ಷೆಯೊಡನೆ ಹೋಲಿಸಿದರು, ಏನೂ ಸಿಗಲಿಲ್ಲ. ಇನ್ನೂ ನಿಚ್ಚಳವಾದ ಡಬ್ಲ್ಯೂಮ್ಯಾಪ್ ಉಪಗ್ರಹದ ನಕ್ಷೆ ಬಂದ ಮೇಲೆ, 2004ರಲ್ಲಿ, ಚುಕ್ಕೆ ದಟ್ಟವಾದೆಡೆ ಹಿನ್ನೆಲೆ ತುಸು ಬೆಚ್ಚಗಿದೆ ಎಂದು ಪ್ರಕಟಿಸಿದರು. ಈ ಎಣಿಕೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅದರ ಎಚ್ಚರ. ಆಕಾಶದ ಕೆಲವು ಪಟ್ಟಿಗಳಿಗೆ ಡಿಶ್‌ಗಳ ಜೋಡಣೆ ಬದಲಾಗಿತ್ತು. ಆ ಗಡಿಗಳಲ್ಲಿ ಮಂದ ಚುಕ್ಕೆಗಳ ಸಂಖ್ಯೆ ಜಿಗಿಯುತ್ತದೆ. ನೋಡುವ ಕಣ್ಣಿನ ಗುರುತು ಅದು, ಆಕಾಶದ್ದಲ್ಲ. ಅದನ್ನು ಕಳೆದ ಮೇಲೆಯೇ ಉಳಿದದ್ದನ್ನು ನಂಬಬಹುದು.

2022ರಲ್ಲಿ ಯುರೋಪಿನ ಲೋಫಾರ್ ರೇಡಿಯೊ ದೂರದರ್ಶಕ ಬರೀ ಉತ್ತರಾಕಾಶದ ಕಾಲು ಭಾಗದಲ್ಲೇ 44 ಲಕ್ಷ ಮೂಲಗಳನ್ನು ಪಟ್ಟಿ ಮಾಡಿತು. ಆದರೆ ರೇಡಿಯೊ ಚುಕ್ಕೆ ತನ್ನ ದೂರವನ್ನು ಹೇಳುವುದಿಲ್ಲ. ಹಳ್ಳ ಯಾವ ಕಾಲದಲ್ಲಿ ಎಷ್ಟು ತಗ್ಗಿತು ಎಂದು ಅಳೆಯಲು ದೂರ ಬೇಕೇ ಬೇಕು. ಅದಕ್ಕಾಗಿ ಲಾ ಪಾಲ್ಮಾ ದ್ವೀಪದ ವೀವ್ ಉಪಕರಣ ಲೋಫಾರ್ ಚುಕ್ಕೆಗಳ ರೋಹಿತವನ್ನು ಬಿಡಿಸಿ ನೋಡಬೇಕಾಗಿದೆ.