ಒಟ್ಟಾವಾ ಒಪ್ಪಂದ ಮತ್ತು ನಮ್ಮ ಹತ್ತಿ

1932ರ ಜುಲೈ-ಆಗಸ್ಟ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ದೇಶಗಳನ್ನು ಸೇರಿಸಿಕೊಂಡು ವ್ಯಾಪಾರದ ಕೂಟ ಕಟ್ಟಿತು. ಒಳಗಿನವರ ಸರಕಿಗೆ ಸುಂಕ ಕಡಿಮೆ, ಹೊರಗಿನವರ ಸರಕಿಗೆ ಹೆಚ್ಚು. ಭಾರತದ ನಿಯೋಗಕ್ಕೆ ಅತುಲ್ ಚಟರ್ಜಿ ಮುಖ್ಯಸ್ಥರು. ಅಲ್ಲಿ ಆದ ಒಪ್ಪಂದದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ: ಆಳುವವರ ಮಾರುಕಟ್ಟೆಯಲ್ಲಿ ರಿಯಾಯಿತಿ ಸಿಕ್ಕಿದರೆ ವಸಾಹತಿಗೆ ಲಾಭವೇ.

ಸತ್ಯ: ಅದು ಸರಕನ್ನು ನೋಡಿ ಹೇಳಬೇಕಾದ ಮಾತು. ಸಣಬು ಬಹುಮಟ್ಟಿಗೆ ಬಂಗಾಳದಲ್ಲೇ ಬೆಳೆಯುತ್ತಿತ್ತು. ರಿಯಾಯಿತಿ ಇರಲಿ ಬಿಡಲಿ, ಕೊಳ್ಳುವವರು ಇಲ್ಲಿಗೇ ಬರಬೇಕಿತ್ತು. ಚಹಾಕ್ಕೆ ಪೌಂಡಿಗೆ 2 ಪೆನ್ಸ್ ಅನುಕೂಲ ಸಿಕ್ಕಿತು ನಿಜ. ಆದರೆ ಅದೇ ಅನುಕೂಲ ಸಿಲೋನಿಗೂ ಇತ್ತು, ನಮ್ಮ ಚಹಾಕ್ಕೆ ದೊಡ್ಡ ಪೈಪೋಟಿ ಸಿಲೋನಿನದೇ.

ತಪ್ಪು ಕಲ್ಪನೆ: ಲಂಡನ್ನು ಹೇಳಿತು, ಭಾರತ ತಲೆಬಾಗಿತು. ನಡುವೆ ಚರ್ಚೆಯೇ ಆಗಲಿಲ್ಲ.

ಸತ್ಯ: ಕೇಂದ್ರ ಶಾಸನಸಭೆ 1932ರ ಕೊನೆಗೆ ಇದನ್ನು ಚರ್ಚಿಸಿ ಒಪ್ಪಿತು. 1936ರಲ್ಲಿ ಅದೇ ಸಭೆ ಒಪ್ಪಂದವನ್ನು ಕೊನೆಗೊಳಿಸಬೇಕೆಂದು ಮತ ಹಾಕಿತು. ಆದರೂ 1939ರ ಹೊಸ ಒಪ್ಪಂದ ಬರುವವರೆಗೆ ಹಳೆಯದೇ ನಡೆಯಿತು. ಅಂದರೆ ಸಭೆಗೆ ದನಿ ಇತ್ತು, ಕೀಲಿಕೈ ಇರಲಿಲ್ಲ.

ತಪ್ಪು ಕಲ್ಪನೆ: ಕೂಟಕ್ಕೆ ಸೇರಿದ ಮೇಲೆ ಹೊರಗಿನ ಗಿರಾಕಿ ಕೈಬಿಟ್ಟರೂ ನಡೆಯುತ್ತದೆ.

ಸತ್ಯ: ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ನನಗೆ ಈ ಇಡೀ ಕಥೆಯ ಜೀವಾಳವೂ ಇಲ್ಲೇ ಇದೆ ಅನ್ನಿಸುತ್ತದೆ.

ಧಾರವಾಡ-ಗದಗ ಸೀಮೆಯ ಎರೆಹೊಲದಲ್ಲಿ ಆಗ ಬೆಳೆಯುತ್ತಿದ್ದ ದೇಸಿ ಹತ್ತಿಯ ಅರಳೆಯನ್ನು ಬೆರಳುಗಳ ನಡುವೆ ಹಿಂಜಿದರೆ ಎಳೆ ಒಂದು ಇಂಚೂ ಬರುತ್ತಿರಲಿಲ್ಲ. ಲ್ಯಾಂಕಾಷೈರ್ ಗಿರಣಿಗಳಿಗೆ ರೂಢಿಯಾಗಿದ್ದದ್ದು ಅಮೆರಿಕದ ಉದ್ದೆಳೆಯ ಹತ್ತಿ. ಗಿಡ್ಡ ಎಳೆಯನ್ನು ಬೇರೆ ಹತ್ತಿಯೊಂದಿಗೆ ಬೆರೆಸಿ ನೂಲುವುದರಲ್ಲಿ ಪಳಗಿದವರು ಜಪಾನಿನವರು. ಭಾರತದ ಹತ್ತಿಗೆ ಅತಿದೊಡ್ಡ ಗಿರಾಕಿಯೂ ಅವರೇ.

ಬಟ್ಟೆ ಒಟ್ಟಾವಾ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಅದರ ಮೇಲಿನ ಸುಂಕದ ಒಲವೂ ಅತ್ತಲೇ ಇತ್ತು. ಬ್ರಿಟಿಷೇತರ ಬಟ್ಟೆಯ ಸುಂಕ 1932ರ ಆಗಸ್ಟ್‌ನಲ್ಲಿ ಶೇ. 50ಕ್ಕೆ, 1933ರ ಜೂನ್‌ನಲ್ಲಿ ಶೇ. 75ಕ್ಕೆ ಏರಿತು. ಬ್ರಿಟಿಷ್ ಬಟ್ಟೆಗೆ ಶೇ. 25 ಮಾತ್ರ. ಏರಿಕೆಯಿಂದ ಇಲ್ಲಿನ ಗಿರಣಿಗಳಿಗೂ ರಕ್ಷಣೆ ಸಿಕ್ಕಿತು, ಅದನ್ನು ಮರೆಯುವಂತಿಲ್ಲ. ಆದರೆ ಜಪಾನಿನ ಗಿರಣಿಯವರು ಭಾರತದ ಹತ್ತಿಯನ್ನೇ ಬಹಿಷ್ಕರಿಸಿದರು. ಆರ್ಥಿಕ ಮುಗ್ಗಟ್ಟಿನಿಂದ ಮೊದಲೇ ಬೆಲೆ ಕುಸಿದಿತ್ತು. ಆ ಹೊತ್ತಿನಲ್ಲಿ ಅಂಡಿಗೆ ಕಟ್ಟಿ ಗಾಡಿಗೆ ಹೇರಿದ ರೈತನಿಗೆ ಇದು ಗಾಯದ ಮೇಲಿನ ಬರೆ. ಸುಂಕದ ಕಾಗದಕ್ಕೆ ಸಹಿ ಹಾಕಿದವರಾರೂ ಅವನನ್ನು ಕೇಳಿರಲಿಲ್ಲ.

ಕೊನೆಗೆ ಸರ್ಕಾರವೇ ಮಾತುಕತೆಗೆ ಕೂರಬೇಕಾಯಿತು. 1933ರ ಸೆಪ್ಟೆಂಬರ್‌ನಲ್ಲಿ ಸಿಮ್ಲಾದಲ್ಲಿ ಆರಂಭವಾದ ಮಾತು 1934ರ ಜನವರಿಯಲ್ಲಿ ದೆಹಲಿಯಲ್ಲಿ ಮುಗಿಯಿತು. ಭಾರತದ ಪರವಾಗಿ ಮುಂದಾಳತ್ವ ವಹಿಸಿದವರು ವಾಣಿಜ್ಯ ಸದಸ್ಯ ಜೋಸೆಫ್ ಭೋರ್. ಜಪಾನಿನ ಬಟ್ಟೆಯ ಸುಂಕ ಶೇ. 50ಕ್ಕೆ ಇಳಿಯಿತು, ಬಹಿಷ್ಕಾರ ನಿಂತಿತು, ಬಟ್ಟೆಗೂ ಹತ್ತಿಗೂ ಗಂಟು ಬಿತ್ತು: ಜಪಾನ್ ವರ್ಷಕ್ಕೆ 10 ಲಕ್ಷ ಬೇಲು ಕೊಂಡರೆ 32.5 ಕೋಟಿ ಗಜ ಬಟ್ಟೆ ಮಾರಬಹುದು, 15 ಲಕ್ಷ ಬೇಲು ಕೊಂಡರೆ 40 ಕೋಟಿ ಗಜ.