ಹಾಳುಬಿದ್ದ ಹಿತ್ತಲಿಗೆ ಜೆಸಿಬಿ ಬೇಕೆ?

ಪ್ರಶ್ನೆ: ವರ್ಷಗಳಿಂದ ಬೀಗ ಹಾಕಿದ್ದ ಊರಮನೆಯ ಹಿತ್ತಲು ಪಾರ್ಥೇನಿಯಂ, ಜೇಕಿನಿಂದ ತುಂಬಿದೆ. ಜೆಸಿಬಿ ತರಿಸಿ ಬಳಿಸಿಬಿಡಲೇ?

ಉತ್ತರ: ಬೇಡ. ಬಾಡಿಗೆ ದುಬಾರಿ ಎಂಬುದಷ್ಟೇ ಕಾರಣವಲ್ಲ. ಅದು ಫಲವತ್ತಾದ ಮೇಲ್ಮಣ್ಣನ್ನು ಕೆರೆದುಬಿಡುತ್ತದೆ, ಆಳದಲ್ಲಿ ಮಲಗಿದ್ದ ಕಳೆಬೀಜವನ್ನು ಬೆಳಕಿಗೆ ತರುತ್ತದೆ. ಒಂದು ಪಾರ್ಥೇನಿಯಂ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆದ್ದರಿಂದ ಹೂ ಬಿಡುವ ಮೊದಲೇ, ಮಳೆಗೆ ನೆಲ ಮೆತ್ತಗಾದಾಗ, ಬೇರುಸಹಿತ ಕೀಳಿ. ಕೈಗವಸು, ತುಂಬುತೋಳಿನ ಅಂಗಿ ಇರಲಿ, ತುರಿಕೆ ಸುಮ್ಮನೆ ಬಿಡುವುದಿಲ್ಲ. ಪಾರ್ಥೇನಿಯಂ ಎಲೆ ತಿನ್ನುವ ಪುಟ್ಟ ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ನಿಮ್ಮ ಹಿತ್ತಲಲ್ಲೂ ಕಂಡರೆ ಕೊಲ್ಲಬೇಡಿ, ಕೂಲಿ ಕೇಳದ ಆಳು ಅದು!

ಪೊದೆಗೆ ಕೈಹಾಕುವ ಮುನ್ನ ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿ, ಹಾವಿದ್ದರೆ ಸರಿದುಹೋಗಲಿ.

ಜೇಕು ಮಾತ್ರ ಹಟಮಾರಿ. ಮೇಲೆ ಕುಯ್ದರೆ ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಗುದ್ದಲಿಯಿಂದ ಅಗೆದು ಗಡ್ಡೆ ಆರಿಸಬೇಕು, ಬಿಸಿಲಿಗೆ ಒಣಗಿಸಬೇಕು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಹಿತ್ತಲನ್ನೆಲ್ಲ ಒಟ್ಟಿಗೆ ಹಿಡಿಯದೆ, ಬಾವಿಯೋ ಅಡುಗೆಮನೆಯೋ ಇರುವ ಕಡೆಯಿಂದ ತುಂಡುತುಂಡಾಗಿ ಶುರುಮಾಡಿ.

ತೆರವಾದ ಜಾಗವನ್ನು ಬರಿದಾಗಿ ಬಿಟ್ಟಿರೋ, ಕಳೆ ಮರಳಿತು. ಹುರುಳಿ ಅಥವಾ ಅಲಸಂದೆಯನ್ನು ಒತ್ತಾಗಿ ಚೆಲ್ಲಿ. ಅವು ನೆಲ ಮುಚ್ಚುತ್ತವೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತವೆ. ಹೂ ಬಂದಾಗ ಕತ್ತರಿಸಿ ಮಣ್ಣಿಗೆ ಸೇರಿಸಿ. ಆಮೇಲೆ ನೆಡುವ ಗಿಡಗಳಿಗಾಗಿ ನರ್ಸರಿಗೆ ಹೋಗಬೇಕಿಲ್ಲ. ನುಗ್ಗೆ, ದಾಸವಾಳ, ದೊಡ್ಡಪತ್ರೆಯ ಕಡ್ಡಿಯನ್ನು ಪಕ್ಕದ ಮನೆಯವರೇ ಮುರಿದುಕೊಟ್ಟಾರು.